ನಾಲ್ಕು ಖಾಲಿ ಮನೆಗಳ ಪಾಠ

ಇಸ್ಪೀಟು ಎಲೆಗಳು ನಮ್ಮ ಮನೆಯ ಹೊಸ್ತಿಲು ದಾಟಕೂಡದೆಂಬುದು ನನ್ನ ತಂದೆಯವರ ಕಟ್ಟಪ್ಪಣೆಯಾಗಿತ್ತು. ಅದಕ್ಕೆ ಕಾರಣವೂ ಇತ್ತು. ನನ್ನ ಸೋದರಮಾವನೊಬ್ಬರು ತಿಪಟೂರಿನಲ್ಲಿ ವರ್ಷದ ಕೊಬ್ಬರಿಯನ್ನು ಮಾರಿ, ಊರಿಗೆ ಮರಳುವ ದಾರಿಯಲ್ಲಿ ಎಲೆ ಹಿಡಿದು ಕುಳಿತು, ಬೆಳಗಾಗುವುದರೊಳಗೆ ಬರಿಗೈಯಾಗಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಈ ಮಾತಿನ ಭಾರವನ್ನು ವಿವರಿಸಬೇಕಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಕಾದು, ಒಳಗಿನ ನೀರೆಲ್ಲ ಆರಿ ಗಿಟುಕು ಚಿಪ್ಪಿನಿಂದ ಬಿಟ್ಟು ಅಲ್ಲಾಡಿದ ಮೇಲಷ್ಟೇ ಉಂಡೆ ಕೊಬ್ಬರಿ. ಅಷ್ಟು ತಿಂಗಳ ತಾಳ್ಮೆ ಒಂದೇ ರಾತ್ರಿಯಲ್ಲಿ ಕರಗಿಹೋಗಿತ್ತು.

ಅಂಥ ಮನೆಯಲ್ಲಿ ಬೆಳೆದ ನಾನು ಈಗ ದಿನವೂ ಸಂಜೆ ಇಸ್ಪೀಟು ಆಡುತ್ತೇನೆಂದರೆ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಆದರೆ ನನ್ನ ಆಟದಲ್ಲಿ ಎದುರಾಳಿಯೂ ಇಲ್ಲ, ಪಣವೂ ಇಲ್ಲ. ಅದು ಫ್ರೀಸೆಲ್, ಒಬ್ಬರೇ ಆಡುವ ಸಾಲಿಟೇರ್ ಬಳಗದ ಆಟ. ಇಂಗ್ಲೆಂಡಿನವರು ಈ ಬಗೆಯ ಆಟಗಳಿಗೆ ‘ತಾಳ್ಮೆ’ ಎಂಬ ಅರ್ಥದ ಪೇಷನ್ಸ್ ಎಂಬ ಹೆಸರನ್ನೇ ಇಟ್ಟಿದ್ದಾರೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ ಪಾಲ್ ಆಲ್ಫಿಲ್ ಇದನ್ನು 1978ರಲ್ಲಿ ಗಣಕಯಂತ್ರಕ್ಕೆ ರೂಪಿಸಿದರು. ವಿಂಡೋಸ್ 95ರೊಡನೆ ಅದು ಮನೆಮನೆಗೆ ಬಂದಿತು.

ಆಟದ ಕ್ರಮ ಸರಳ. 52 ಎಲೆಗಳನ್ನೂ ಮುಖ ಮೇಲಾಗಿ ಎಂಟು ಸಾಲುಗಳಲ್ಲಿ ಹಂಚಬೇಕು. ಮೊದಲ ನಾಲ್ಕು ಸಾಲುಗಳಲ್ಲಿ ಏಳೇಳು, ಉಳಿದವುಗಳಲ್ಲಿ ಆರಾರು. ಸಾಲಿನ ಕೊನೆಯ ಎಲೆಯನ್ನು ಅದಕ್ಕಿಂತ ಒಂದು ಹೆಚ್ಚಿನ, ಬೇರೆ ಬಣ್ಣದ ಎಲೆಯ ಮೇಲಿಡಬಹುದು. ಕೆಂಪು ಒಂಬತ್ತರ ಮೇಲೆ ಕಪ್ಪು ಎಂಟು ಎಂಬಂತೆ. ಎಕ್ಕದಿಂದ ರಾಜನವರೆಗೆ ನಾಲ್ಕೂ ಜಾತಿಗಳನ್ನು ಬೇರೆಬೇರೆಯಾಗಿ ಜೋಡಿಸಿದರೆ ಗೆಲುವು. ದಾರಿ ಕಟ್ಟಿದಾಗ ಒಂದೊಂದು ಎಲೆಯನ್ನು ತಾತ್ಕಾಲಿಕವಾಗಿ ಇಡಲು ನಾಲ್ಕು ಖಾಲಿ ಮನೆಗಳಿವೆ.

ಗೆಲುವಿನ ಗುಟ್ಟಿರುವುದು ಈ ಮನೆಗಳಲ್ಲಿಯೇ. ಕಲಿಯುವವರು ಅವಸರದಲ್ಲಿ ನಾಲ್ಕನ್ನೂ ತುಂಬಿಬಿಡುತ್ತಾರೆ. ಅಟ್ಟದಲ್ಲಿ ಜಾಗವಿಲ್ಲದೆ ಕಾಯಿ ಕೀಳಿಸಿದವನ ಪಾಡು ಅವರದಾಗುತ್ತದೆ. ನಾಲ್ಕೂ ಖಾಲಿಯಿದ್ದರೆ ಕ್ರಮವಾಗಿ ಜೋಡಿಸಿದ ಐದು ಎಲೆಗಳನ್ನು ಒಟ್ಟಿಗೆ ಸಾಗಿಸಬಹುದು. ಒಂದೇ ಖಾಲಿಯಿದ್ದರೆ ಎರಡನ್ನು ಮಾತ್ರ. ಅದರೊಡನೆ ಒಂದು ಸಾಲೂ ತೆರವಾಗಿದ್ದರೆ ಈ ಶಕ್ತಿ ಇಮ್ಮಡಿಯಾಗುತ್ತದೆ. ಆದುದರಿಂದ ಮೊದಲ ಎಲೆಯನ್ನು ಮುಟ್ಟುವ ಮುನ್ನ ಎಕ್ಕಗಳೂ ಎರಡುಗಳೂ ಎಲ್ಲಿ ಹೂತಿವೆಯೆಂದು ನೋಡಿಕೊಳ್ಳಬೇಕು. ಆ ಬಳಿಕ ಯಾವುದಾದರೊಂದು ಸಾಲನ್ನು ಬೇಗ ಬರಿದುಮಾಡಬೇಕು. ಖಾಲಿ ಜಾಗವೇ ಇಲ್ಲಿನ ಸಂಪತ್ತು.

ಇನ್ನೊಂದು ವಿಶೇಷವಿದೆ. ಇಲ್ಲಿ ಮುಚ್ಚಿಟ್ಟ ಎಲೆಯೊಂದೂ ಇಲ್ಲ. ವಿಂಡೋಸ್‌ನ ಮೊದಲಿನ 32,000 ಹಂಚಿಕೆಗಳಲ್ಲಿ ಗೆಲ್ಲಲಾಗದ್ದು 11,982ನೆಯದು ಒಂದೇ. ಉಳಿದುದರಲ್ಲಿ ಸೋತರೆ ಹಣೆಬರಹವನ್ನು ದೂರುವಂತಿಲ್ಲ, ತಪ್ಪು ನಮ್ಮದೇ.

ಈ ಮಾತು ನನಗೆ ಬೇರೊಂದು ಕಾರಣಕ್ಕೆ ಚುಚ್ಚುತ್ತದೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು ತಲೆತಗ್ಗಿಸಿ ಕುಳಿತ. ಮೊಬೈಲಿನ ರಮ್ಮಿಯಲ್ಲಿ ಹಣ ಕಳೆದು, ತೋಟದ ಮೇಲೆ ಸಾಲ ಮಾಡಿದ್ದ. ಒಂಬತ್ತನೆಯ ತರಗತಿಯಲ್ಲಿದ್ದಾಗ ಅವನ ಚೀಲದಲ್ಲಿ ಇಸ್ಪೀಟು ಸಿಕ್ಕಿತೆಂದು ಬೆತ್ತದಿಂದ ಹೊಡೆದವನು ನಾನು. ಎಲೆ ಮುಟ್ಟಬೇಡವೆಂದು ಗದರಿಸಿದ್ದೆನೇ ಹೊರತು, ಸೋತ ಹಣವನ್ನು ಗೆದ್ದು ತರುವೆನೆಂಬ ಆಸೆ ಮನುಷ್ಯನನ್ನು ಹೇಗೆ ಎಳೆದೊಯ್ಯುತ್ತದೆಂದು ಒಂದು ದಿನವೂ ವಿವರಿಸಿರಲಿಲ್ಲ. ಮಾವನ ಕಥೆಯನ್ನೂ ಹೇಳಿರಲಿಲ್ಲ. ಅದು ಮನೆಯ ಮರ್ಯಾದೆಯ ಮಾತಾಗಿತ್ತು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದು ಸ್ವಾಗತಾರ್ಹವೇ. ಆದರೆ ಕಾಯಿದೆಯೂ ಒಂದು ಬೆತ್ತ. ಬೆತ್ತದಿಂದ ಏನಾಗುತ್ತದೆ, ಏನಾಗುವುದಿಲ್ಲವೆಂಬುದನ್ನು ನಾನು ಬಲ್ಲೆ. ದೋಷವಿರುವುದು ಎಲೆಗಳಲ್ಲಲ್ಲ, ಪಣದಲ್ಲಿ. ಮಕ್ಕಳ ಕೈಯಿಂದ ಎಲೆಗಳನ್ನು ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕುಳಿತು ಇಂಥದೊಂದು ಆಟವನ್ನು ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಸೋತಾಗ ಹೆಚ್ಚು ಹೂಡುವುದಲ್ಲ, ನಿಂತು ಯೋಚಿಸುವುದು ಎಂಬ ಅಭ್ಯಾಸ ಆಗಲೇ ಕೈಗೂಡಬೇಕು.

ಆ ಹುಡುಗ ಸಾಲ ತೀರಿಸುತ್ತಿದ್ದಾನೆ. ಬಿಡುವಾದಾಗ ಬರುತ್ತಾನೆ. ಮೊನ್ನೆ ನಾನು ಮೂರು ಮನೆಗಳನ್ನು ತುಂಬಿ ನಾಲ್ಕನೆಯದಕ್ಕೆ ಕೈಯಿಟ್ಟಾಗ, ‘ಸಾರ್, ಅದೊಂದು ಖಾಲಿ ಇರಲಿ’ ಎಂದ.