ಬೂದಿ ಮುಚ್ಚಿದ ಕೆಂಡ

ನೆರೆಯವರ ಏಳಿಗೆಯನ್ನು ಕಂಡು ಹುಟ್ಟುವ ಹೊಟ್ಟೆಯುರಿಗೆ ಧನ್ವಂತರಿಯ ಬಳಿಯೂ ಮದ್ದಿಲ್ಲ. ಜಠರದ ಹುಣ್ಣಿನಿಂದ ಹುಟ್ಟುವ ಹೊಟ್ಟೆಯುರಿಗಾದರೋ ಮದ್ದು ಉಂಟು. ಆದರೆ ಅದನ್ನು ಆರಿಸುವುದಕ್ಕೆ ವಿವೇಕವೂ ಮುಗಿಸುವುದಕ್ಕೆ ತಾಳ್ಮೆಯೂ ಬೇಕು.

ಖಾನಾಪುರದಿಂದ ಬೆಳಗಾವಿಯ ಕಚೇರಿಗೆ ದಿನವೂ ಹೋಗಿಬರುವ ಗುಮಾಸ್ತರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಸುಮಾರು 25 ಕಿಲೋಮೀಟರಿನ ಪ್ರಯಾಣ. ಬೆಳಗಿನ ಅವಸರದಲ್ಲಿ ಒಂದು ಲೋಟ ಚಹಾ, ಮಧ್ಯಾಹ್ನ ಡಬ್ಬಿಯ ಬುತ್ತಿ, ರಾತ್ರಿ ಹೊತ್ತು ಮೀರಿದ ಊಟ. ಎದೆಗೂಡಿನ ಕೆಳಗೆ ಉರಿ ಕಾಣಿಸಿಕೊಂಡಾಗ ಮನೆಯವರು ಖಾರವನ್ನು ದೂರಿದರು. ಸ್ನೇಹಿತರು ಕಚೇರಿಯ ಚಿಂತೆಯನ್ನು ದೂರಿದರು. ಅಂಗಡಿಯಿಂದ ತಂದ ಆಮ್ಲಶಾಮಕ ಗುಳಿಗೆಯಿಂದ ನಾಲ್ಕು ದಿನ ಹಾಯೆನಿಸಿತು. ಐದನೆಯ ದಿನ ಉರಿ ಮರಳಿತು. ಗುಳಿಗೆಯು ಕೆಂಡದ ಮೇಲೆ ಬೂದಿಯನ್ನು ಮುಚ್ಚಿತ್ತು, ಅಷ್ಟೆ.

ಇಂತಹ ಹುಣ್ಣುಗಳಲ್ಲಿ ಅನೇಕವಕ್ಕೆ ಕಾರಣವಾದುದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಸೂಕ್ಷ್ಮ ಜೀವಾಣು. ಅದು ತನ್ನ ಸುತ್ತ ಅಮೋನಿಯವನ್ನು ಉತ್ಪಾದಿಸಿ, ಜಠರದ ಆಮ್ಲವನ್ನು ತಣಿಸಿಕೊಂಡು, ಲೋಳೆಯ ಪದರದಲ್ಲಿ ನೆಲೆಸುತ್ತದೆ. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದರು. ನಂಬದವರನ್ನು ನಂಬಿಸಲು ಮಾರ್ಷಲ್ 1984ರಲ್ಲಿ ಆ ಜೀವಾಣುಗಳನ್ನು ತಾವೇ ಕುಡಿದು ಜಠರದ ಉರಿಯೂತವನ್ನು ಬರಿಸಿಕೊಂಡರು! ಇಬ್ಬರಿಗೂ 2005ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪೈಲೋರಿಯನ್ನು ಹೊತ್ತವರಲ್ಲಿ ಬಹುಮಂದಿಗೆ ಯಾವ ತೊಂದರೆಯೂ ಕಾಣದು, ಕೆಲವರಿಗೆ ಹುಣ್ಣಾಗುತ್ತದೆ, ಇನ್ನೂ ಕೆಲವೇ ಮಂದಿಗೆ ಜಠರದ ಕ್ಯಾನ್ಸರ್ ತಗಲುತ್ತದೆ.

ಇದನ್ನು ಒಂದೇ ಔಷಧದಿಂದ ಕೀಳಲಾಗದು. ವೈದ್ಯರು ಅನುಸರಿಸುವ ಕ್ರಮಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಮೂರು ಮದ್ದಿನ ಕ್ರಮ: ಆಮ್ಲವನ್ನು ತಗ್ಗಿಸುವ ಗುಳಿಗೆ, ಅಮಾಕ್ಸಿಸಿಲಿನ್ ಮತ್ತು ಕ್ಲಾರಿಥ್ರೋಮೈಸಿನ್. ದಿನಕ್ಕೆ ಎರಡೇ ಹೊತ್ತು ನುಂಗಿದರೆ ಸಾಕು. ಎರಡನೆಯದು ನಾಲ್ಕು ಮದ್ದಿನ ಕ್ರಮ: ಆಮ್ಲದ ಗುಳಿಗೆಯೊಡನೆ ಬಿಸ್ಮತ್, ಟೆಟ್ರಾಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್. ಇದರಲ್ಲಿ ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಹೊತ್ತು ನುಂಗಬೇಕಾದುದರಿಂದ ತೊಡಕು ಹೆಚ್ಚು. ಹಿಂದೆ 7 ದಿನಗಳ ಚಿಕಿತ್ಸೆ ರೂಢಿಯಲ್ಲಿತ್ತು. ಈಗ 14 ದಿನಗಳು ಮೇಲೆಂದು ತಜ್ಞರು ಹೇಳುತ್ತಾರೆ.

ಸುಲಭವಾದುದನ್ನು ಬಿಟ್ಟು ತೊಡಕಿನದನ್ನು ಏಕೆ ಹಿಡಿಯಬೇಕು? ಉತ್ತರವು ರೋಗಿಯ ಪೂರ್ವವೃತ್ತಾಂತದಲ್ಲಿದೆ. ಒಮ್ಮೆ ಎದುರಿಸಿ ಬದುಕುಳಿದ ಔಷಧಕ್ಕೆ ಜೀವಾಣುವು ಮತ್ತೊಮ್ಮೆ ಮಣಿಯದಿರಬಹುದು. ಕೆಮ್ಮು ನೆಗಡಿಗೆಂದು ಅನೇಕರು ನುಂಗುವ ಅಜಿಥ್ರೋಮೈಸಿನ್ ಕ್ಲಾರಿಥ್ರೋಮೈಸಿನ್ನಿನ ಕುಲಕ್ಕೇ ಸೇರಿದ್ದು. ಒಂದು ಪ್ರದೇಶದಲ್ಲಿ ಕ್ಲಾರಿಥ್ರೋಮೈಸಿನ್ನಿಗೆ ಮಣಿಯದ ಪೈಲೋರಿಯ ಪ್ರಮಾಣ ಶೇಕಡ 15ನ್ನು ಮೀರಿದರೆ, ಪರೀಕ್ಷಿಸದೆ ಆ ಮೂರು ಮದ್ದಿನ ಕ್ರಮವನ್ನು ಕೊಡಬಾರದೆಂಬುದು ತಜ್ಞರ ಮತ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲಿಗೆ ಮಣಿಯದವು ಬಹಳ. ಆದರೂ ಪೂರ್ಣ ಪ್ರಮಾಣದಲ್ಲಿ ಬಿಸ್ಮತ್ ಮತ್ತು ಟೆಟ್ರಾಸೈಕ್ಲಿನ್ನುಗಳ ಜೊತೆಗೂಡಿದಾಗ ಆ ದೋಷ ಬಹುಮಟ್ಟಿಗೆ ನೀಗುತ್ತದೆ.

ಖಾನಾಪುರದ ಮಳೆಗಾಲ ಸಣ್ಣದಲ್ಲ. ಆ ದಿನಗಳಲ್ಲಿ ಭೇದಿಯಾದಾಗಲೆಲ್ಲ ಗುಮಾಸ್ತರು ಯಾರನ್ನೂ ಕೇಳದೆ ಮೆಟ್ರೊನಿಡಜೋಲಿನ ನಾಲ್ಕು ಗುಳಿಗೆಗಳನ್ನು ನುಂಗಿ, ಭೇದಿ ನಿಂತೊಡನೆ ಉಳಿದವನ್ನು ಡಬ್ಬಿಯಲ್ಲಿ ಇಟ್ಟವರು. ಈ ಸಂಗತಿ ವೈದ್ಯರಿಗೆ ತಿಳಿಯದಿದ್ದರೆ ಆರಿಸಿದ ಮದ್ದು ವ್ಯರ್ಥವಾಗಬಹುದು. ಮೊದಲ ಚಿಕಿತ್ಸೆ ಸೋತರೆ ಎರಡನೆಯದು ಮತ್ತಷ್ಟು ಕಠಿಣ. ಆದುದರಿಂದ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗಾಗಲಿ, ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗಾಗಲಿ ಹೋಗುವಾಗ ಹಳೆಯ ಔಷಧದ ಚೀಟಿಗಳನ್ನು ಜೊತೆಯಲ್ಲಿ ಒಯ್ಯತಕ್ಕದ್ದು. ಪೆನಿಸಿಲಿನ್ ಒಗ್ಗದವರು ಅದನ್ನೂ ಹೇಳಬೇಕು. ಅಮಾಕ್ಸಿಸಿಲಿನ್ ಅದೇ ವರ್ಗದ್ದು.

ಚಿಕಿತ್ಸೆಯ ನಡುವೆ ಬಾಯಿ ಕಹಿಯಾಗಬಹುದು, ವಾಕರಿಕೆ ಬರಬಹುದು. ಬಿಸ್ಮತ್ತಿನಿಂದ ಮಲ ಕಪ್ಪಾದರೆ ಗಾಬರಿ ಬೇಡ. ಆದರೆ ಅದು ಡಾಂಬರಿನಂತೆ ಅಂಟಾಗಿ, ತಲೆ ಸುತ್ತಿದರೆ, ಇಲ್ಲವೆ ರಕ್ತ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಟೆಟ್ರಾಸೈಕ್ಲಿನ್ನನ್ನು ಹಾಲಿನೊಡನೆ ನುಂಗಬಾರದು. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಅದು ಸಲ್ಲದು. ಮೆಟ್ರೊನಿಡಜೋಲ್ ನುಂಗುವಾಗ ಮದ್ಯ ವರ್ಜ್ಯ. ಐದಾರು ದಿನಗಳಲ್ಲಿ ಉರಿ ಶಮನವಾಯಿತೆಂದು ಗುಳಿಗೆಯನ್ನು ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಅಳಿದುಳಿದ ಜೀವಾಣುಗಳು ಮತ್ತೆ ಹೆಚ್ಚಿಕೊಳ್ಳುತ್ತವೆ.

ಉರಿ ನಿಂತಮಾತ್ರಕ್ಕೆ ಪೈಲೋರಿ ಹೋಯಿತೆಂದು ತಿಳಿಯಲಾಗದು. ಮದ್ದು ಮುಗಿದು ಕನಿಷ್ಠ 4 ವಾರಗಳಾದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆಯನ್ನು ಮಾಡಿಸಬೇಕು. ಅದಕ್ಕೆ 2 ವಾರ ಮುಂಚಿನಿಂದ, ವೈದ್ಯರ ಸಲಹೆಯಂತೆ, ಆಮ್ಲದ ಗುಳಿಗೆಯನ್ನು ನಿಲ್ಲಿಸಿರಬೇಕು. ಈ ಪರೀಕ್ಷೆಗಾಗಿ ಗುಮಾಸ್ತರು ಕಚೇರಿಗೆ ಒಂದು ದಿನದ ರಜೆ ಹಾಕಬೇಕಾದೀತು. ಪೈಲೋರಿ ಉಳಿದಿಲ್ಲವೆಂಬ ವರದಿ ಕೈಸೇರಿದ ಮರುದಿನ ಅವರು ಡಬ್ಬಿಯ ಬುತ್ತಿಯನ್ನು ನಿಶ್ಚಿಂತೆಯಿಂದ ಬಿಚ್ಚಬಹುದು.