ಹೀರುಕೊಳವೆಯಲ್ಲಿ ಜಿಪುಣತನ ಸಲ್ಲದು

ಪಂಪು ನೀರನ್ನು ಎಳೆಯುತ್ತದೆ ಎಂಬ ಮಾತು ರೂಢಿಯಲ್ಲಿದೆ. ಆದರೆ ಅದು ಸರಿಯಲ್ಲ. ಕೇಂದ್ರಾಪಗಾಮಿ ಪಂಪಿನ ಚಕ್ರವು ನೀರನ್ನು ಹೊರಕ್ಕೆ ಎಸೆದು ತನ್ನ ಮಧ್ಯದಲ್ಲಿ ಒತ್ತಡವನ್ನು ತಗ್ಗಿಸುತ್ತದೆ, ಅಷ್ಟೆ. ಬಾವಿಯ ನೀರನ್ನು ಹೀರುಕೊಳವೆಯೊಳಗೆ ಮೇಲಕ್ಕೆ ನೂಕುವುದು ವಾಯುಮಂಡಲದ ಒತ್ತಡ. ಇಟಲಿಯ ಅಳತೆಯ 18 ಮೊಳಗಳಿಗಿಂತ ಮೇಲೆ ನೀರನ್ನು ಏರಿಸಲಾರದ ಪಂಪಿನ ಸಂಗತಿಯನ್ನು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಇದಕ್ಕೆ ಗಾಳಿಯ ಭಾರವೇ ಕಾರಣವೆಂಬುದನ್ನು ಟಾರಿಚೆಲ್ಲಿಯು ಪಾದರಸದ ನಳಿಗೆಯ ಪ್ರಯೋಗದಿಂದ 1644ರಲ್ಲಿ ವಿವರಿಸಿದನು.

ಈ ಒತ್ತಡಕ್ಕೆ ಮಿತಿಯುಂಟು. ಸಮುದ್ರಮಟ್ಟದಲ್ಲಿ ಅದು 10.3 ಮೀಟರ್ ನೀರಿನ ಕಂಬಕ್ಕೆ ಸಮ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 9.2 ಮೀಟರ್ ಮಾತ್ರ. ನೀರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಅದರ ಆವಿಯ ಒತ್ತಡಕ್ಕಾಗಿ 0.4 ಮೀಟರ್ ಕಳೆಯಬೇಕು. ಪಂಪಿನ ಬಾಯಿಯಲ್ಲಿ ಉಳಿದಿರಲೇಬೇಕೆಂದು ತಯಾರಕರು ಸೂಚಿಸುವ ಪಾಲು 3 ಮೀಟರ್ ಎಂದಿಟ್ಟುಕೊಂಡರೆ, ಕೈಯಲ್ಲಿ ಉಳಿಯುವುದು 5.8 ಮೀಟರ್. ನೀರಿನ ಮಟ್ಟದಿಂದ ಪಂಪಿಗಿರುವ ಎತ್ತರವೂ ಕೊಳವೆಯೊಳಗಿನ ಘರ್ಷಣೆಯ ನಷ್ಟವೂ ಇಷ್ಟರೊಳಗೇ ಅಡಗಬೇಕು.

ಆದರೂ ಹಲವರು ಹೆಚ್ಚು ಅಶ್ವಶಕ್ತಿಯ ಮೋಟಾರಿಗೆ ಹಣ ಸುರಿದು, ಹೀರುಕೊಳವೆಯಲ್ಲಿ ಉಳಿತಾಯ ಮಾಡಲು ಹೊರಡುತ್ತಾರೆ. ಕೊಳವೆಯ ವ್ಯಾಸವನ್ನು ಅರ್ಧಕ್ಕಿಳಿಸಿದರೆ ಅಷ್ಟೇ ನೀರು ನಾಲ್ಕು ಪಟ್ಟು ವೇಗದಿಂದ ಹರಿಯಬೇಕಾಗುತ್ತದೆ. ಘರ್ಷಣೆಯ ನಷ್ಟವು ಸುಮಾರು 32 ಪಟ್ಟಾಗುತ್ತದೆ. ಒತ್ತಡವು ಆವಿಯ ಒತ್ತಡಕ್ಕೆ ಇಳಿದೊಡನೆ ನೀರು ತಣ್ಣಗಿದ್ದರೂ ಕುದಿಯತೊಡಗುತ್ತದೆ. ಹೀಗೆ ಹುಟ್ಟಿದ ಗುಳ್ಳೆಗಳು ಚಕ್ರದೊಳಗೆ ಒತ್ತಡ ಹೆಚ್ಚಿರುವೆಡೆಗೆ ಸಾಗಿ ಥಟ್ಟನೆ ಕುಸಿಯುತ್ತವೆ. ಆಗ ಜಲ್ಲಿ ಉರುಳಿದಂತಹ ಸದ್ದು ಕೇಳಿಸುತ್ತದೆ. ಕ್ರಮೇಣ ಲೋಹದಲ್ಲಿ ಕುಳಿಗಳು ಬೀಳುತ್ತವೆ. ಮೋಟಾರಿನ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ವಾಯುಮಂಡಲದ ಒತ್ತಡ ಹೆಚ್ಚದಾದ್ದರಿಂದ, ಈ ರೋಗಕ್ಕೆ ಅದು ಮದ್ದಲ್ಲ.

ಹೀರುಕೊಳವೆಯು ಸಾಧ್ಯವಾದಷ್ಟು ಗಿಡ್ಡವಾಗಿಯೂ ಅಗಲವಾಗಿಯೂ ಇರಬೇಕು. ಗಾಳಿ ತಂಗದಂತೆ ಅದು ಪಂಪಿನ ಕಡೆಗೆ ಒಂದೇ ಸಮನೆ ಏರುತ್ತಿರಬೇಕು. ಪಂಪಿನ ಬಾಯಿಗೆ ತೀರ ಹತ್ತಿರದಲ್ಲಿ ಬಾಗು ಇರಬಾರದು. ನೀರಿನ ಹರಿವನ್ನು ಕಡಮೆ ಮಾಡಬೇಕಾದಾಗ ಹೊರಗೊಳವೆಯ ಕವಾಟವನ್ನೇ ಬಳಸಬೇಕು. ಹೀರುಕೊಳವೆಯ ಕವಾಟವನ್ನು ಮುಟ್ಟಕೂಡದು.

ಅಗಲವಾದ ಕೊಳವೆಗೆ ಬೆಲೆ ಹೆಚ್ಚೆಂಬುದು ನಿಜ. ಆದರೆ ಆ ವೆಚ್ಚ ಒಮ್ಮೆ ಬರುವಂಥದು. ಇಕ್ಕಟ್ಟಾದ ಕೊಳವೆಯಾದರೋ ವಿದ್ಯುತ್ತಿನಲ್ಲಿಯೂ ದುರಸ್ತಿಯಲ್ಲಿಯೂ ವರ್ಷ ವರ್ಷವೂ ದಂಡ ತೆರಿಸುತ್ತದೆ. ನಮ್ಮ ಶಾಲೆಗಳಲ್ಲಿ ವಾಯುಭಾರಮಾಪಕದ ಪಾಠವು ಪಾದರಸದ ನಳಿಗೆಯಲ್ಲಿಯೇ ಮುಗಿಯಬಾರದು. ಪಂಪನ್ನು ಕೊಳ್ಳುವ ಮೊದಲು ಮಾಡಬೇಕಾದ ಈ ಕೂಡಿಸಿ ಕಳೆಯುವ ಲೆಕ್ಕವನ್ನೂ ವಿದ್ಯಾರ್ಥಿಗಳಿಗೆ ಅಲ್ಲಿಯೇ ಕಲಿಸುವುದು ಅಗತ್ಯ.