‘ಚಿರ್ಪ್’ ಎಂಬ ಮಾತೂ ನಮ್ಮ ಪರಿಭಾಷೆಯೂ

ವಿಜ್ಞಾನದ ಪರಿಭಾಷೆ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುವು ಗ್ರೀಕ್, ಲ್ಯಾಟಿನ್ ಅಥವಾ ಸಂಸ್ಕೃತದ ಧಾತುಗಳಿಂದ ಕಟ್ಟಿದ ಉದ್ದುದ್ದನೆಯ ಶಬ್ದಗಳು. ಶಬ್ದವು ಕಠಿನವಾದಷ್ಟೂ ವಿಷಯವು ಗಹನ ಎಂಬ ಭ್ರಾಂತಿಯೂ ಇದರೊಡನೆಯೇ ಬೆಳೆದುಬಂದಿದೆ. ಆದರೆ ಭೌತವಿಜ್ಞಾನದ ಬಹು ಗಂಭೀರವಾದ ಕೆಲವು ಸಂಗತಿಗಳನ್ನು ಹೇಳುವ ಮಾತುಗಳು ಪಂಡಿತರ ಕೋಶಗಳಿಂದ ಬಂದವಲ್ಲ; ಮನೆಯ ಅಂಗಳದಿಂದ ಬಂದವು. ಹಕ್ಕಿಯ ದನಿಯನ್ನು ಅನುಕರಿಸುವ ‘ಚಿರ್ಪ್’ ಎಂಬ ಇಂಗ್ಲಿಷ್ ಮಾತು ಅಂಥವುಗಳಲ್ಲೊಂದು. ಈ ಪುಟ್ಟ ಮಾತು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ, ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರೂ ಓದುವವರೂ ಕಲಿಯಬೇಕಾದ ಪಾಠವೊಂದು ಅದರಲ್ಲಿದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು ಅದರ ಹುಟ್ಟು. ಚಿರ್ಪ್ ಎಂಬ ರೂಪವು ಇಂಗ್ಲಿಷಿನಲ್ಲಿ ಕಾಣಿಸಿಕೊಂಡುದು ಹದಿನೈದನೆಯ ಶತಮಾನದ ವೇಳೆಗೆ. ಅದಕ್ಕೂ ಹಿಂದಿನದು ‘ಚಿರ್ಕ್’ ಎಂಬ ರೂಪ; ಹದಿನಾಲ್ಕನೆಯ ಶತಮಾನದ ಕವಿ ಚಾಸರನು ಗುಬ್ಬಚ್ಚಿಯ ದನಿಗೆ ಅದನ್ನೇ ಬಳಸಿದ್ದಾನೆ. ಹಕ್ಕಿಯ ಉಲಿಯಿಂದ ಆ ಮಾತು ಕೀಟಗಳ ಉಲಿಗೂ ಹಬ್ಬಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರಿಂದ ‘ಚಿರ್ಪಿ’ ಎಂಬ ವಿಶೇಷಣವು ಹುಟ್ಟಿ, ಲವಲವಿಕೆಯ ಮನುಷ್ಯನಿಗೂ ಸಂದಿತು. ಇಷ್ಟು ದಿನ ಅದು ಕೇವಲ ಲೋಕರೂಢಿಯ ಮಾತು; ವಿಜ್ಞಾನಕ್ಕೂ ಅದಕ್ಕೂ ನಂಟಿರಲಿಲ್ಲ.

ಆ ನಂಟಿನ ಮುನ್ಸೂಚನೆಯೋ ಎಂಬಂತೆ 1897ರಲ್ಲಿ ಅಮೆರಿಕದ ಭೌತವಿಜ್ಞಾನಿ ಏಮಸ್ ಡಾಲ್ಬೇರ್ ಒಂದು ಕಿರುಲೇಖನವನ್ನು ಪ್ರಕಟಿಸಿದನು. ಇರುಳಿನಲ್ಲಿ ರೆಕ್ಕೆಗಳನ್ನು ಉಜ್ಜಿ ದನಿಗೈಯುವ ಕ್ರಿಕೆಟ್ ಎಂಬ ಕೀಟವನ್ನು ಉಷ್ಣಮಾಪಕವಾಗಿ ಬಳಸಬಹುದೆಂಬುದು ಅದರ ತಾತ್ಪರ್ಯ. ಕೀಟವು ಒಂದು ನಿಮಿಷದಲ್ಲಿ ಎಷ್ಟು ಬಾರಿ ಚಿರ್ಪ್ ಎನ್ನುವುದೆಂದು ಎಣಿಸಿ, ಅದರಲ್ಲಿ 40ನ್ನು ಕಳೆದು, ಉಳಿದುದನ್ನು 4ರಿಂದ ಭಾಗಿಸಿ, 50ನ್ನು ಕೂಡಿಸಿದರೆ ಗಾಳಿಯ ಉಷ್ಣತೆಯು ಫ್ಯಾರನ್‌ಹೀಟ್ ಮಾನದಲ್ಲಿ ದೊರೆಯುತ್ತದೆ. ನಿಮಿಷಕ್ಕೆ 80 ಚಿರ್ಪ್‌ಗಳಾದರೆ ಉಷ್ಣತೆ 60 ಡಿಗ್ರಿ, ಎಂದರೆ ಸುಮಾರು 15.6 ಡಿಗ್ರಿ ಸೆಲ್ಸಿಯಸ್. ಕೀಟದ ಮೈಯ ಶಾಖವು ಹೊರಗಿನ ಶಾಖವನ್ನು ಅನುಸರಿಸುವುದರಿಂದ, ಅದರ ಸ್ನಾಯುಗಳ ರಾಸಾಯನಿಕ ಕ್ರಿಯೆಯ ವೇಗವೂ ಅದರೊಡನೆಯೇ ಏರಿಳಿಯುತ್ತದೆ. ಅದೇ ಇದರ ಗುಟ್ಟು. ದನಿಯನ್ನು ಎಣಿಸಿ ಅಳತೆ ಮಾಡಬಹುದೆಂಬುದು ಇಲ್ಲಿ ಸ್ಪಷ್ಟವಾಯಿತು. ಆದರೂ ಇಲ್ಲಿ ಎಣಿಸಿದ್ದು ಚಿರ್ಪ್‌ಗಳ ಸಂಖ್ಯೆಯನ್ನೇ ಹೊರತು, ಒಂದು ಚಿರ್ಪಿನ ಒಡಲಲ್ಲಿ ನಡೆಯುವುದನ್ನಲ್ಲ.

ಆ ಒಡಲನ್ನು ನೋಡಿದವರು ರೇಡಾರ್ ಎಂಜಿನಿಯರರು. ಅವರಿಗೊಂದು ಸಂಕಟವಿತ್ತು. ರೇಡಿಯೊ ಸ್ಪಂದವೊಂದನ್ನು ಕಳುಹಿಸಿ, ವಿಮಾನಕ್ಕೆ ತಗುಲಿ ಮರಳಿದ ಪ್ರತಿಧ್ವನಿಯಿಂದ ದೂರವನ್ನು ಅಳೆಯುವುದು ರೇಡಾರಿನ ಕೆಲಸ. ಒಂದು ಮೈಕ್ರೊಸೆಕೆಂಡಿನಲ್ಲಿ ರೇಡಿಯೊ ಅಲೆಯು 300 ಮೀಟರು ಸಾಗುತ್ತದೆ. ಹೋಗಿಬರುವ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಒಂದು ಮೈಕ್ರೊಸೆಕೆಂಡಿನ ಸ್ಪಂದಕ್ಕೆ 150 ಮೀಟರಿಗಿಂತ ಹತ್ತಿರ ಇರುವ ಎರಡು ವಿಮಾನಗಳು ಒಂದಾಗಿಯೇ ತೋರುತ್ತವೆ. ಬೇರೆಬೇರೆಯಾಗಿ ಕಾಣಬೇಕಾದರೆ ಸ್ಪಂದವು ಇನ್ನೂ ಮೊಟಕಾಗಬೇಕು; ಆದರೆ ಮೊಟಕು ಸ್ಪಂದದಲ್ಲಿ ಬಹುದೂರ ಹೋಗಿ ಬರುವಷ್ಟು ಶಕ್ತಿಯನ್ನು ತುಂಬಲು ಪ್ರೇಷಕ ಯಂತ್ರಕ್ಕೆ ತ್ರಾಣವಿಲ್ಲ. ಉಪಾಯವೇನೆಂದರೆ, ಸ್ಪಂದವನ್ನು ಉದ್ದವಾಗಿಯೇ ಕಳುಹಿಸುವುದು; ಆದರೆ ಅದರ ಆವೃತ್ತಿಯನ್ನು, ಎಂದರೆ ಸೆಕೆಂಡಿಗೆ ನಡೆಯುವ ಕಂಪನಗಳ ಸಂಖ್ಯೆಯನ್ನು, ಆದಿಯಿಂದ ಅಂತ್ಯದವರೆಗೆ ಒಂದೇ ಸಮನೆ ಬದಲಾಯಿಸುತ್ತ ಹೋಗುವುದು. ಮರಳಿ ಬಂದಾಗ, ಮೊದಲು ಬಂದ ಆವೃತ್ತಿಗಳನ್ನು ಹೆಚ್ಚು ಹೊತ್ತೂ ಕೊನೆಗೆ ಬಂದವನ್ನು ಕಡಿಮೆ ಹೊತ್ತೂ ತಡೆದಿಡುವ ಮಂಡಲದ ಮೂಲಕ ಹಾಯಿಸಿದರೆ, ಎಲ್ಲವೂ ಏಕಕಾಲಕ್ಕೆ ಹೊರಬಿದ್ದು ಉದ್ದನೆಯ ಸ್ಪಂದವು ಮೊನಚಾದ ಸ್ಪಂದವಾಗುತ್ತದೆ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬರ್ನಾರ್ಡ್ ಆಲಿವರ್ 1951ರಲ್ಲಿ ಈ ಕುರಿತು ಒಂದು ಆಂತರಿಕ ಟಿಪ್ಪಣಿಯನ್ನು ಬರೆದಾಗ, ‘ಢಮಾರ್ ಅಲ್ಲ, ಚಿರ್ಪ್’ ಎಂಬರ್ಥದ ತಲೆಬರಹವನ್ನು ಕೊಟ್ಟನು. ಒಮ್ಮೆಲೇ ಸಿಡಿಯುವ ಮೊಟಕು ಸ್ಪಂದ ಢಮಾರ್. ಆವೃತ್ತಿ ಬದಲಾಗುತ್ತ ಸಾಗುವ ನೀಳ ಸ್ಪಂದ ಚಿರ್ಪ್. ಇಡೀ ಯಂತ್ರತತ್ತ್ವವು ಎರಡು ಅನುಕರಣ ಶಬ್ದಗಳಲ್ಲಿ ಅಡಗಿತು! 1960ರಲ್ಲಿ ಅದೇ ಸಂಸ್ಥೆಯ ವಿಜ್ಞಾನಿಗಳು ಚಿರ್ಪ್ ರೇಡಾರಿನ ವಿಸ್ತಾರವಾದ ಸಿದ್ಧಾಂತವನ್ನು ಪ್ರಕಟಿಸಿದಾಗ ಆ ಹೆಸರು ಸ್ಥಿರವಾಯಿತು. ಮನುಷ್ಯನು ಈ ಉಪಾಯವನ್ನು ಕಾಣುವುದಕ್ಕೆ ಎಷ್ಟೋ ಮುಂಚೆಯೇ ಬಾವಲಿಗಳು ಅದನ್ನು ಬಳಸುತ್ತಿದ್ದವು. ಹಲವು ಜಾತಿಯ ಬಾವಲಿಗಳು, ನಮ್ಮ ಕಿವಿಗೆ ನಿಲುಕದ ಹೆಚ್ಚು ಆವೃತ್ತಿಯಿಂದ ಕೆಲವೇ ಮಿಲಿಸೆಕೆಂಡುಗಳಲ್ಲಿ ಕೆಳಕ್ಕಿಳಿಯುವ ಕೂಗನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಕತ್ತಲೆಯಲ್ಲಿ ಬೇಟೆಯನ್ನು ಹಿಡಿಯುತ್ತವೆ.

ಮಾತು ಅಲ್ಲಿಗೇ ನಿಲ್ಲಲಿಲ್ಲ. 1985ರಲ್ಲಿ ಡೋನಾ ಸ್ಟ್ರಿಕ್‌ಲೆಂಡ್ ಮತ್ತು ಜೆರಾರ್ ಮೂರೂ ಎಂಬುವರು ಇದೇ ಯುಕ್ತಿಯನ್ನು ಲೇಸರ್ ಬೆಳಕಿಗೆ ಅನ್ವಯಿಸಿದರು. ಅತಿ ಮೊಟಕಾದ ಬೆಳಕಿನ ಸ್ಪಂದವನ್ನು ಮೊದಲು ಚಿರ್ಪ್ ಆಗಿ ಹಿಗ್ಗಿಸಿ, ತೆಳುವಾದ ಆ ಸ್ಥಿತಿಯಲ್ಲಿ ಅದರ ಶಕ್ತಿಯನ್ನು ವರ್ಧಿಸಿ, ಬಳಿಕ ಮತ್ತೆ ಕುಗ್ಗಿಸಿದರೆ, ವರ್ಧಕವು ಹಾಳಾಗದೆ ಪ್ರಚಂಡ ತೀವ್ರತೆಯ ಸ್ಪಂದವು ದೊರೆಯುತ್ತದೆ. 2018ರ ನೊಬೆಲ್ ಪಾರಿತೋಷಕದಲ್ಲಿ ಇಬ್ಬರಿಗೂ ಪಾಲು ಸಂದಿತು. ಈ ಬಗೆಯ ಸ್ಪಂದಗಳು ಇಂದು ಕಣ್ಣಿನ ಶಸ್ತ್ರಚಿಕಿತ್ಸೆಯಲ್ಲಿಯೂ ಉಪಯೋಗದಲ್ಲಿವೆ. ಬೆಳಕು ದನಿಗೈಯುವುದಿಲ್ಲ, ಆದರೂ ಹೆಸರು ಹಕ್ಕಿಯದೇ.

ಇನ್ನು ಎಲ್ಲಕ್ಕಿಂತ ಭವ್ಯವಾದ ಉದಾಹರಣೆ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ವೀಕ್ಷಣಾಲಯದ ಎರಡು ಉಪಕರಣಗಳೂ ಗುರುತ್ವ ತರಂಗವನ್ನು ಮೊತ್ತಮೊದಲು ನೇರವಾಗಿ ಗುರುತಿಸಿದುವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸೂರ್ಯನ 36ರಷ್ಟು ಮತ್ತು 29ರಷ್ಟು ದ್ರವ್ಯರಾಶಿಯ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ, ಅಲೆಗಳ ರೂಪದಲ್ಲಿ ಶಕ್ತಿಯನ್ನು ಕಳೆದುಕೊಳ್ಳುತ್ತ, ಹತ್ತಿರವಾದಂತೆಲ್ಲ ಮತ್ತಷ್ಟು ವೇಗವಾಗಿ ಸುತ್ತಿ ಕಡೆಗೆ ಒಂದಾದುವು. ಆ ಅಲೆಯ ಆವೃತ್ತಿಯು ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ 35ರಿಂದ 250 ಹರ್ಟ್ಜ್‌ಗೆ ಏರಿತು. ಅಲೆಯ ಎತ್ತರವೂ ಅದರೊಡನೆ ಏರಿತು. ವಿಜ್ಞಾನಿಗಳು ಇದನ್ನು ಕರೆದುದು ಚಿರ್ಪ್ ಎಂದೇ. ಆವೃತ್ತಿಯೆಷ್ಟು, ಅದು ಎಷ್ಟು ಬೇಗ ಏರುತ್ತದೆ ಎಂಬೆರಡನ್ನು ತಿಳಿದರೆ, ಎರಡು ಕಾಯಗಳ ದ್ರವ್ಯರಾಶಿಗಳ ಒಂದು ವಿಶಿಷ್ಟ ಸಂಯೋಗವು ಲೆಕ್ಕಕ್ಕೆ ಸಿಕ್ಕುತ್ತದೆ. ಅದಕ್ಕೆ ‘ಚಿರ್ಪ್ ದ್ರವ್ಯರಾಶಿ’ಯೆಂದು ಹೆಸರು, ಈ ಪ್ರಸಂಗದಲ್ಲಿ ಅದು ಸೂರ್ಯನ ಸುಮಾರು 28ರಷ್ಟು.

ಒಂದಾದ ಬಳಿಕ ಹೊಸ ಕಪ್ಪುಕುಳಿಯು, ಹೊಡೆದ ಗಂಟೆಯು ಮಿಡಿದು ಮಿಡಿದು ತಣ್ಣಗಾಗುವಂತೆ, ಅಲೆಗಳನ್ನು ಹೊರಸೂಸಿ ಶಾಂತವಾಗುತ್ತದೆ. ಈ ಕಡೆಯ ಭಾಗಕ್ಕೆ ‘ರಿಂಗ್‌ಡೌನ್’ ಎಂಬ ಹೆಸರಿದೆ; ‘ರಿಂಗ್’ ಎಂಬುದೂ ಗಂಟೆಯ ದನಿಯ ಅನುಕರಣವೇ. ಕಪ್ಪುಕುಳಿಯು ಹೀಗೆ ಮಿಡಿಯುವುದೆಂಬುದನ್ನು 1970ರಲ್ಲಿಯೇ ಗಣಿತದಿಂದ ತೋರಿಸಿಕೊಟ್ಟವರು ಬೆಂಗಳೂರಿನಲ್ಲಿ ಜನಿಸಿದ ಸಿ. ವಿ. ವಿಶ್ವೇಶ್ವರ ಅವರು. ಮುಂದೆ ಅದೇ ನಗರದ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾದ ಅವರು, ಆ ಮಿಡಿತವು ವೀಕ್ಷಣೆಗೆ ಸಿಕ್ಕಿದ ಮೇಲೆ, 2017ರಲ್ಲಿ ತೀರಿಕೊಂಡರು.

ಈ ಚರಿತ್ರೆಯಿಂದ ನಾವು ಗ್ರಹಿಸುವ ತತ್ತ್ವವಿಷ್ಟು. ಚಿರ್ಪ್ ಎಂಬ ಮಾತು ಯಶಸ್ವಿಯಾದುದು ಚೆಲುವಿನಿಂದಲ್ಲ, ನಿಖರತೆಯಿಂದ. ಕಾಲದೊಡನೆ ಆವೃತ್ತಿಯು ಬದಲಾಗುವ ಸ್ಪಂದ ಎಂಬ ಲಕ್ಷಣವನ್ನು ಅದು ಕಿವಿಯ ಮೂಲಕ ನೇರವಾಗಿ ಮನಸ್ಸಿಗೆ ಮುಟ್ಟಿಸುತ್ತದೆ. ಕೇಳಿದವನಿಗೆ ಲಕ್ಷಣವಾಕ್ಯವನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಕನ್ನಡದಲ್ಲಿ ಇಂಥ ಮಾತುಗಳಿಗೆ ಬಡತನವೇ? ಚಟಚಟ, ದಬದಬ, ಗುಡುಗುಡು, ಕಿರ್ರನೆ, ಠಣ್ಣನೆ ಮುಂತಾಗಿ ಎಣಿಸಲಾರದಷ್ಟಿವೆ. ನಮ್ಮ ವ್ಯಾಕರಣಗಳು ಇವನ್ನು ಅನುಕರಣಾವ್ಯಯಗಳೆಂದು ಕರೆದು ಸ್ಥಾನ ಕೊಟ್ಟಿವೆ. ಅಷ್ಟೇ ಅಲ್ಲ, ದನಿಯೇ ಇಲ್ಲದ ವಿಷಯಕ್ಕೂ ಇಂಥ ಮಾತುಗಳನ್ನು ಕಟ್ಟುವುದು ನಮ್ಮ ನುಡಿಗೆ ಹೊಸತಲ್ಲ. ಬೆಳಕು ಥಳಥಳಿಸುತ್ತದೆ, ಮಲ್ಲಿಗೆ ಘಮಘಮಿಸುತ್ತದೆ. ಲೇಸರಿಗೆ ಹಕ್ಕಿಯ ದನಿಯನ್ನು ಅಂಟಿಸಿದ ಇಂಗ್ಲಿಷಿನ ಧೈರ್ಯವು ನಮ್ಮ ಅಜ್ಜಿಯರ ಮಾತಿನಲ್ಲಿ ಎಂದಿನಿಂದಲೂ ಇದೆ. ಹೀಗಿದ್ದೂ ಪರಿಭಾಷೆಯನ್ನು ರಚಿಸಲು ಕುಳಿತಾಗ ಈ ಭಂಡಾರವನ್ನು ನಾವು ಮಕ್ಕಳ ಮಾತೆಂದು ಬದಿಗೊತ್ತುತ್ತೇವೆ. ‘ಕಾಲಾನುಗುಣ ಆವೃತ್ತಿಪರಿವರ್ತಿತ ಸ್ಪಂದ’ ಎಂದು ಬರೆದರೆ ವಿದ್ಯಾರ್ಥಿಯು ಅದನ್ನು ಪರೀಕ್ಷೆಯ ದಿನದವರೆಗೆ ಹೊರುತ್ತಾನೆ, ಮರುದಿನ ಇಳಿಸುತ್ತಾನೆ. ವಿಜ್ಞಾನವು ಅವನ ಮಾತಿನೊಳಕ್ಕೆ ಬರುವುದೇ ಇಲ್ಲ. ನಷ್ಟವೆಂದರೆ ಇದೇ.

ಹಾಗೆಂದು ನಿಘಂಟನ್ನು ತೆರೆದು, ಚಿರ್ಪ್ ಎಂಬುದಕ್ಕೆ ‘ಚಿಲಿಪಿಲಿ’ ಎಂದು ಬರೆದುಬಿಡುವುದೂ ತರವಲ್ಲ. ಚಿಲಿಪಿಲಿ ಎಂಬುದು ಮುಂಜಾನೆ ಮರದ ತುಂಬ ಕುಳಿತ ಹಲವು ಹಕ್ಕಿಗಳ ಬೆರಕೆ ದನಿ. ಅದರಲ್ಲಿ ಸ್ಥಾಯಿಯ ಕ್ರಮವಾದ ಏರಿಕೆಯಿಲ್ಲ. ಕೋಶವನ್ನಲ್ಲ, ಕಿವಿಯನ್ನು ಕೇಳಬೇಕು. ಕೋಗಿಲೆಯ ‘ಕುಹೂ’ವನ್ನು ಗಮನಿಸಿರಿ. ಎರಡನೆಯ ಅಕ್ಷರದಲ್ಲಿ ಸ್ಥಾಯಿ ಮೇಲೇರುತ್ತದೆ. ಒಂದರ ಮೇಲೊಂದು ಕೂಗಿದಂತೆ ಇಡೀ ಕೂಗೇ ಮೇಲಕ್ಕೇರಿ, ತುತ್ತತುದಿಯಲ್ಲಿ ತಟಕ್ಕನೆ ನಿಲ್ಲುತ್ತದೆ. ಕಪ್ಪುಕುಳಿಗಳ ಅಲೆಗೆ ಗುಬ್ಬಚ್ಚಿಯ ದನಿಗಿಂತ ಇದೇ ಹೆಚ್ಚು ಸಮೀಪದ ಹೋಲಿಕೆ. ‘ಕೂ’ ಎಂಬ ದನಿಯನ್ನೇ ಒಡಲಲ್ಲಿಟ್ಟುಕೊಂಡ ‘ಕೂಗು’ ನಮ್ಮಲ್ಲಿದೆ. ಆವೃತ್ತಿ ಏರುವ ಸ್ಪಂದವನ್ನು ‘ಏರುಕೂಗು’ ಎಂದೂ, ಬಾವಲಿಯದರಂತೆ ಇಳಿಯುವುದನ್ನು ‘ಇಳಿಕೂಗು’ ಎಂದೂ ಏಕೆ ಕರೆಯಬಾರದು?

ಇಂಥ ಮಾತುಗಳಿಗೆ ಶಾಸ್ತ್ರದ ಗಾಂಭೀರ್ಯವಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ನೊಬೆಲ್ ಪಾರಿತೋಷಕ ಪಡೆದ ಸಂಶೋಧನೆಯ ಹೆಸರಿನಲ್ಲಿಯೇ ಚಿರ್ಪ್ ಇರುವಾಗ ಆ ಆಕ್ಷೇಪಕ್ಕೆ ಬಲವಿಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ದನಿಯ ಹೆಸರಿಟ್ಟರೆ ಗುರುತ್ವ ತರಂಗವನ್ನು ವಿದ್ಯಾರ್ಥಿಯು ಶಬ್ದವೆಂದೇ ತಿಳಿದಾನು. ಇದು ನಿಜವಾದ ಅಪಾಯ. ಲೈಗೊ ಅಳೆದುದು ಗಾಳಿಯ ಕಂಪನವನ್ನಲ್ಲ, ದೇಶದ ಹಿಗ್ಗುಕುಗ್ಗನ್ನು. 4 ಕಿಲೊಮೀಟರು ಉದ್ದದ ತೋಳಿನಲ್ಲಿ ಆದ ಬದಲಾವಣೆಯು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಅದರ ಆವೃತ್ತಿಯು ನಮ್ಮ ಕಿವಿಯ ಮಿತಿಯೊಳಗೆ ಬಿದ್ದುದರಿಂದ ಧ್ವನಿವರ್ಧಕದ ಮೂಲಕ ಕೇಳಿಸಲು ಸಾಧ್ಯವಾಯಿತು, ಅಷ್ಟೆ. ಆದರೆ ಈ ಭೇದವನ್ನು ತಿಳಿಸಿಕೊಡಬೇಕಾದುದು ಅಧ್ಯಾಪಕನ ಹೊಣೆ. ‘ಘಮಘಮ’ವನ್ನು ಕೇಳಿ ಯಾವ ಕನ್ನಡಿಗನೂ ಮಲ್ಲಿಗೆಗೆ ಕಿವಿಗೊಡುವುದಿಲ್ಲ.

‘ಏರುಕೂಗು’ ನಿಲ್ಲಲೇಬೇಕೆಂಬ ಹಠ ನಮಗಿಲ್ಲ. ಅದಕ್ಕಿಂತ ಲೇಸಾದುದು ದೊರೆತರೆ ಅದೇ ಬಾಳಲಿ. ಆದರೆ ಅದನ್ನು ಹುಡುಕುವ ಕೆಲಸವನ್ನು ಸಮಿತಿಗಳಿಗೇ ಬಿಟ್ಟುಕೊಡಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ಕಿಡಿ ಹಾರಿದಾಗ, ತಂತಿ ಮಿಡಿದಾಗ, ನೀರು ಕುದಿಯತೊಡಗಿದಾಗ ಏನು ದನಿಯಾಯಿತೆಂದು ವಿದ್ಯಾರ್ಥಿಗಳು ತಮ್ಮ ಊರಿನ ಮಾತಿನಲ್ಲಿಯೇ ಪುಸ್ತಕದಂಚಿನಲ್ಲಿ ಗುರುತು ಹಾಕಿಕೊಳ್ಳಲಿ. ಕಿವಿಗೊಟ್ಟು ಕೇಳುವುದೂ ಒಂದು ಬಗೆಯ ಅಳತೆಯೇ. ಕನ್ನಡದ ನಾಳಿನ ಪಾರಿಭಾಷಿಕ ಶಬ್ದಗಳು ಆ ಅಂಚಿನಲ್ಲಿಯೇ ಹುಟ್ಟಬಹುದು.